ಹೊಸ ಮೇಲ್ ಸರ್ವರ್ ಹಾಕಿದ ರಾತ್ರೀನೇ ಲಾಗ್ ತುಂಬಾ ಗೊತ್ತಿಲ್ದೋರು, ಹ್ಯಾಕ್ ಆಗೋಯ್ತಾ?

ಓದುಗರ ಪ್ರಶ್ನೆ: ಸರ್, ಮಂಡ್ಯದಲ್ಲಿ ನಮ್ದು ಬೆಲ್ಲದ ಹೋಲ್‌ಸೇಲ್ ವ್ಯಾಪಾರ. ಆರ್ಡರ್ ಮೇಲ್‌ಗೆ ಅಂತ ಒಂದು ವಿಪಿಎಸ್ (ಬಾಡಿಗೆ ಸರ್ವರ್) ತಗೊಂಡು ಉಬುಂಟು ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸೋ-ತಗೊಳ್ಳೋ ಸಾಫ್ಟ್‌ವೇರ್), ಡವ್‌ಕಾಟ್ (ಬಂದ ಮೇಲ್ ಓದೋಕೆ ಕೊಡೋದು) ಹಾಕ್ದೆ. ನನ್ನ ತಮ್ಮನ್ನ ಬಿಟ್ರೆ ಇದೊಂದು ಸರ್ವರ್ ಇದೆ ಅಂತಾನೇ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಲಾಗ್ (ಸರ್ವರ್ ಬರ್ಕೊಳ್ಳೋ ದಿನಚರಿ) ನೋಡಿದ್ರೆ ಯಾವ್ಯಾವ್ದೋ ದೇಶದ ಐಪಿಗಳು (ಇಂಟರ್ನೆಟ್ ಅಡ್ರೆಸ್‌ಗಳು) ರಾತ್ರಿಯೆಲ್ಲಾ ಲಾಗಿನ್ ಆಗೋಕೆ ನೋಡಿವೆ. ಹ್ಯಾಕ್ ಆಗಿದ್ಯಾ? ಆಫ್ ಮಾಡ್ಬಿಡ್ಲಾ?

ಆಫ್ ಮಾಡ್ಬೇಡಿ. ನಮ್ಮ ಮೈಸೂರಲ್ಲೂ ಸ್ವಂತ ಸರ್ವರ್ ಹಾಕ್ದೋರೆಲ್ಲಾ ಮೊದಲು ಕೇಳೋದು ಇದನ್ನೇ, ಮತ್ತೆ ಮುಕ್ಕಾಲುವಾಸಿ ಏನೂ ಆಗಿರಲ್ಲ.

ಯಾರಿಗೂ ಹೇಳಿಲ್ಲ ಅಂತೀರಲ್ಲ, ಹೇಳೋದೇ ಬೇಕಿಲ್ಲ ಕಣ್ರೀ. ಐಪಿವಿ4 ಅನ್ನೋ ಹಳೇ ಮಾದರಿ ಐಪಿ ಅಡ್ರೆಸ್ ಇರೋದೇ ಸುಮಾರು 429 ಕೋಟಿ. 2013ರಲ್ಲಿ ಮಿಷಿಗನ್ ಯೂನಿವರ್ಸಿಟಿಯೋರು ಝಡ್‌ಮ್ಯಾಪ್ ಅಂತ ಒಂದು ಟೂಲ್ ಬಿಟ್ರು, ಒಳ್ಳೆ ಗಿಗಾಬಿಟ್ ಲೈನ್ ಇರೋ ಒಂದೇ ಒಂದು ಮಷೀನಿಂದ ಅಷ್ಟೂ ಅಡ್ರೆಸ್‌ಗಳಲ್ಲಿ ಒಂದು ಪೋರ್ಟ್ (ಮಷೀನಿನ ಒಂದು ನಂಬರಿನ ಬಾಗಿಲು ಅನ್ಕೊಳ್ಳಿ) ತೆಗೆದಿದ್ಯಾ ಇಲ್ವಾ ಅಂತ ಮುಕ್ಕಾಲು ಗಂಟೆ ಒಳಗೆ ನೋಡ್ಬಿಡಬಹುದು ಅಂತ ತೋರಿಸಿದ್ರು. ಮಂಡ್ಯ ರೈಲ್ವೆ ಸ್ಟೇಷನ್ ಹತ್ರ ಬೆಂಗಳೂರಿಗೆ ಹೋಗೋರು ಬೈಕ್ ನಿಲ್ಲಿಸಿರ್ತಾರಲ್ಲ, ಕಳ್ಳ ಬಂದ್ರೆ ಯಾರ ಬೈಕು ಅಂತ ಕೇಳ್ತಾನಾ, ಸಾಲಲ್ಲಿ ಒಂದೊಂದೇ ಹ್ಯಾಂಡಲ್ ಅಲ್ಲಾಡಿಸ್ಕೊಂಡು ಹೋಗ್ತಾನೆ ಲಾಕ್ ಇಲ್ದೇ ಇರೋದು ಸಿಗೋವರ್ಗೂ, ಅಷ್ಟೇ ಇದು. ಇನ್ನೊಂದು ದಾರಿ ಜನಕ್ಕೆ ಹೊಳೆಯೋದೇ ಇಲ್ಲ: ಮೇಲ್ ದಾರೀಲಿ ಯಾರೂ ಓದದ ಹಾಗೆ ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೇಲಿ ಫ್ರೀ ಸರ್ಟಿಫಿಕೇಟ್ ತಗೊಂಡಿರ್ತೀರಲ್ಲ, ತಗೊಂಡಾಗ್ಲೇ ನಿಮ್ಮ ಸರ್ವರ್ ಹೆಸರು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್ ಅನ್ನೋ ಪಬ್ಲಿಕ್ ಪಟ್ಟಿಗೆ ಹೋಗುತ್ತೆ, ಯಾರು ಬೇಕಾದ್ರೂ ಓದಬಹುದು, ಹೆಸರು 'ಮೇಲ್' ಅಂತ ಶುರುವಾದ್ರೆ ಒಳಗೇನಿದೆ ಅಂತ ಬಿಡಿಸಿ ಹೇಳ್ಬೇಕಾ. ಜೊತೆಗೆ ನಿಮ್ಮ ವಿಪಿಎಸ್ ಐಪಿ ನಿಮಗಿಂತ ಮುಂಚೆ ಬೇರೆ ಯಾರದ್ದೋ ಆಗಿದ್ದಿರಬಹುದು, ಅವರನ್ನ ಹುಡುಕ್ಕೊಂಡು ಬರೋರು ಈಗ ನಿಮ್ಮನೆಗೆ ಬರ್ತಾರೆ.

ಈಗ ಲಾಗ್ ಓದೋಣ. 'ಕನೆಕ್ಟ್ ಫ್ರಮ್ ಅನ್‌ನೋನ್' ಅಂತ ಇದ್ದು ಪಕ್ಕದಲ್ಲಿ ಐಪಿ ಇದ್ರೆ, ಆ ಐಪಿಗೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹೇಳೋ ದಾಖಲೆ) ಇಲ್ಲ ಅಥವಾ ಇದ್ರೂ ತಾಳೆ ಆಗ್ತಿಲ್ಲ ಅಂತ, ಯಾರೋ ಮುಖ ಮುಚ್ಕೊಂಡು ಬಂದಿದ್ದಾರೆ ಅಂತಲ್ಲ. ಅದರ ಕೆಳಗೆ 'ಎಸ್‌ಎಎಸ್‌ಎಲ್ ಲಾಗಿನ್ ಅಥೆಂಟಿಕೇಶನ್ ಫೇಲ್ಡ್' ಅಂತ ಬಂದಿದ್ರೆ ಸಂತೋಷ ಪಡಿ, ಬಂದ, ಆಗ್ಲಿಲ್ಲ, ಹೋದ. ಅವರು ಹಾಕೋ ಯೂಸರ್ ನೇಮ್ ಇನ್ಫೋ, ಅಡ್ಮಿನ್, ಸೇಲ್ಸ್, ಟೆಸ್ಟ್, ಇಲ್ಲ ನಿಮ್ಮ ಡೊಮೇನ್ ಹೆಸರೇ, ಇಷ್ಟೇ. 'ರಿಲೇ ಆಕ್ಸೆಸ್ ಡಿನೈಡ್' ಅಂತ 554 ಕೋಡ್ ಜೊತೆ ಬಂದ್ರೆ ಅದಂತೂ ಒಳ್ಳೇದೇ, ನಿಮ್ಮ ಸರ್ವರ್ ಮೂಲಕ ಇನ್ನಾರಿಗೋ ಸ್ಪ್ಯಾಮ್ ಕಳಿಸೋಕೆ ನೋಡಿದ್ರು, ಸರ್ವರ್ ಆಗಲ್ಲ ಹೋಗಯ್ಯ ಅಂತು. ಕೆಲವು ಬಾಟ್‌ಗಳು (ತಾವಾಗೇ ಓಡೋ ಪ್ರೋಗ್ರಾಮ್‌ಗಳು) ಮೇಲ್ ಬರೋ 25ನೇ ಪೋರ್ಟ್‌ಗೆ ಬಂದು ವೆಬ್‌ಸೈಟ್ ಕೊಡು ಅಂತ ಕೇಳ್ತವೆ, ಅದನ್ನೂ ಪೋಸ್ಟ್‌ಫಿಕ್ಸ್ ಪಾಪ ವಾರ್ನಿಂಗ್ ಅಂತ ಬರ್ಕೊಂಡಿರುತ್ತೆ. ನಕ್ಕು ಬಿಡಿ.

ಸೋತು ಹೋದೋರ ಲೆಕ್ಕ ಇಟ್ಕೊಂಡು ನಿದ್ದೆ ಕೆಡಿಸ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ, ನೋಡ್ಬೇಕಾಗಿರೋದು ಆಚೆ ಏನು ಹೋಗ್ತಿದೆ ಅನ್ನೋದು. ಮೇಲ್‌ಕ್ಯೂ (mailq) ಅಂತ ಕಮಾಂಡ್ ಹೊಡೀರಿ, ಕ್ಯೂ (ಆಚೆ ಹೋಗೋಕೆ ಕಾಯ್ತಿರೋ ಮೇಲ್‌ಗಳ ಸಾಲು) ಖಾಲಿ ಅಥವಾ ನಿಮ್ದೇ ಒಂದೆರಡು ಮೇಲ್ ಇದ್ರೆ ಸರಿ. ಆಮೇಲೆ ಲಾಗಲ್ಲಿ 'ಎಸ್‌ಎಎಸ್‌ಎಲ್ ಯೂಸರ್‌ನೇಮ್' (sasl_username) ಅಂತ ಹುಡುಕಿ, ಪೋಸ್ಟ್‌ಫಿಕ್ಸ್‌ನಲ್ಲಿ ಆ ಮಾತು ಒಳಗೆ ಲಾಗಿನ್ ಆಗಿ ಮೇಲ್ ಕಳಿಸ್ದೋರ ಲೈನಲ್ಲೇ ಸಾಮಾನ್ಯವಾಗಿ ಬರೋದು (ಹೊಸ ವರ್ಷನ್‌ಗಳಲ್ಲಿ ಫೇಲಾದ ಲೈನಲ್ಲೂ ಬರುತ್ತೆ, 'ಫೇಲ್ಡ್' ಇರೋದನ್ನ ಬಿಟ್ಬಿಡಿ). ಟೈಮ್, ಐಪಿ ಎರಡೂ ನೋಡಿ. ರಾತ್ರಿ ಮೂರು ಗಂಟೆಗೆ ನೀವೂ ಮಲಗಿದ್ದು ನಿಮ್ಮ ತಮ್ಮಾನೂ ಮಲಗಿದ್ದು ಸರ್ವರ್ ಮಾತ್ರ ಮೇಲ್ ಕಳಿಸ್ತಿದ್ರೆ ಆಗ ಗಾಬರಿ ಆಗಿ.

ಲಾಗಿನ್ ಇಲ್ದೇನೂ ಮೇಲ್ ಹೋಗೋ ದಾರಿ ಒಂದಿದೆ, ಅದನ್ನ ಬಹಳ ಜನ ನೋಡೋದೇ ಇಲ್ಲ. ಅದೇ ವಿಪಿಎಸ್ ಮೇಲೆ ಅಂಗಡಿ ವೆಬ್‌ಸೈಟೂ ಇದ್ಯಾ? ಇದ್ರೆ ಲಾಗಲ್ಲಿ 'ಪಿಕಪ್' ಅನ್ನೋ ಲೈನ್‌ಗಳನ್ನ ನೋಡಿ. 'ಯುಐಡಿ 33' ಅಂತ ಇದ್ರೆ ಉಬುಂಟುನಲ್ಲಿ ಅದು ವೆಬ್ ಸರ್ವರ್‌ನ ಯೂಸರ್, ಅಂದ್ರೆ ಮೇಲ್ ಹುಟ್ಟಿದ್ದು ನಿಮ್ಮ ವೆಬ್‌ಸೈಟಿಂದ. ಕಾಂಟ್ಯಾಕ್ಟ್ ಫಾರ್ಮ್‌ನಿಂದ ಬೆಲ್ಲದ ರೇಟ್ ಕೇಳಿದ ಮೇಲ್ ಆಗಿದ್ರೆ ಓಕೆ, ಪುಟಗಟ್ಲೆ ಇದ್ರೆ ತೂತು ಇರೋದು ವೆಬ್‌ಸೈಟಲ್ಲಿ, ಮೇಲ್ ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದ್ರೂ ನಿಲ್ಲಲ್ಲ.

ನೀವು ಕಳಿಸ್ದೇ ಇರೋ ಮೇಲ್‌ಗೆ ಬೌನ್ಸ್ (ತಲುಪಲಿಲ್ಲ ಅನ್ನೋ ವಾಪಸ್ ಮೇಲ್) ಬರ್ತಾ ಇದ್ರೂ ತಕ್ಷಣ ಹ್ಯಾಕ್ ಅನ್ಕೋಬೇಡಿ, ನಿಮ್ಮ ಅಡ್ರೆಸ್‌ನ ಫ್ರಮ್‌ನಲ್ಲಿ ಹಾಕ್ಕೊಂಡು ಬೇರೆ ಎಲ್ಲಿಂದ್ಲೋ ಕಳಿಸಿರ್ತಾರೆ, ನಿಮ್ಮ ಲಾಗಲ್ಲಿ ಅದು ಹೋದ ಗುರುತೇ ಇರಲ್ಲ. ಅದಕ್ಕೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಹಾಕಿ, ಮೇಲ್ ನಿಜವಾಗ್ಲೂ ನಿಮ್ದೇನಾ ಅಂತ ಬೇರೆ ಸರ್ವರ್‌ಗಳು ಪರೀಕ್ಷೆ ಮಾಡೋದು ಇವುಗಳಿಂದಾನೇ.

ಇನ್ನು ತಡೆಯೋದು. ದೇಶ ದೇಶಾನೇ ಬ್ಲಾಕ್ ಮಾಡೋದು ನನಗೆ ಸರಿ ಕಾಣಲ್ಲ, ಈ ಬಾಟ್‌ಗಳು ಬಾಡಿಗೆ ಕ್ಲೌಡಿಂದ, ಯಾರ್ಯಾರದ್ದೋ ಮನೆ ರೌಟರಿಂದ ಎಲ್ಲಾ ಬರ್ತವೆ, ನಮ್ಮ ದೇಶದ್ದೂ ಇರ್ತವೆ. 25ನೇ ಪೋರ್ಟ್ ಮುಚ್ಚೋಕಂತೂ ಆಗಲ್ಲ, ಮುಚ್ಚಿದ್ರೆ ಹೊರಗಿನ ಮೇಲ್ ಬರೋದೇ ನಿಲ್ಲುತ್ತೆ, ಆದ್ರೆ ಆ ಪೋರ್ಟಲ್ಲಿ ಲಾಗಿನ್ ಬಂದ್ ಮಾಡಿ, ನೀವು ಮೇಲ್ ಕಳಿಸೋಕೆ ಇರೋ 587, 465 ಪೋರ್ಟ್‌ಗಳಲ್ಲಿ ಮಾತ್ರ ಇಟ್ರೆ ಗಲಾಟೆ ತುಂಬಾ ಕಮ್ಮಿ ಆಗುತ್ತೆ. ಫೇಲ್‌ಟುಬ್ಯಾನ್ ಹಾಕಿ, ಹತ್ತು ನಿಮಿಷದಲ್ಲಿ ಐದು ಸಲ ತಪ್ಪಿದ ಐಪಿನ ಬ್ಯಾನ್ ಮಾಡೋದು ಅದರ ಡೀಫಾಲ್ಟ್, ಹಾಗಾಗಿ ನಿಧಾನಕ್ಕೆ ಒಂದೊಂದು ಐಪಿಯಿಂದ ಒಂದೊಂದೇ ಸಲ ಬರೋರು ಅದಕ್ಕೆ ಸಿಗಲ್ಲ, ಅವರಿಗೆ ಉದ್ದ ಪಾಸ್‌ವರ್ಡೇ ಮದ್ದು. ಅಂಗಡಿ ಹೆಸರು ಮುಂದೆ 123 ಅಂತ ಇಟ್ಟಿದ್ರೆ ಇವತ್ತೇ ತೆಗೀರಿ.

ಹಾಂ, ಫೇಲ್ ಆದ ಲೈನಲ್ಲಿ ನಿಮ್ಮ ನಿಜವಾದ ಯೂಸರ್ ನೇಮೇ ಇದ್ದು, ಐಪಿ ಮೊಬೈಲ್ ಕಂಪನೀದು ಇದ್ದು, ಕೆಲವು ನಿಮಿಷಕ್ಕೊಂದು ಸಲ ಗಡಿಯಾರದ ಥರ ಬರ್ತಿದ್ರೆ ಮೊದಲು ತಮ್ಮನ ಫೋನ್ ಇಸ್ಕೊಂಡು ನೋಡಿ. ಹಳೇ ಪಾಸ್‌ವರ್ಡ್ ಅದರಲ್ಲೇ ಉಳ್ಕೊಂಡಿರುತ್ತೆ.

ಅಕಸ್ಮಾತ್ ನಿಜವಾಗ್ಲೂ ಮೇಲ್ ಹೋಗಿದ್ರೆ, ಮೊದಲು ಪೋಸ್ಟ್‌ಫಿಕ್ಸ್ ನಿಲ್ಲಿಸಿ, ಕ್ಯೂನಲ್ಲಿರೋ ಒಂದು ಮೇಲ್‌ನ ಪೋಸ್ಟ್‌ಕ್ಯಾಟ್ ಅನ್ನೋ ಕಮಾಂಡಲ್ಲಿ ತೆಗೆದು ಎಲ್ಲಿಂದ ಬಂತು ನೋಡ್ಕೊಳ್ಳಿ, ಆ ದಾರಿ ಮುಚ್ಚಿ, ಅಂದ್ರೆ ಪಾಸ್‌ವರ್ಡ್ ಆದ್ರೆ ಪಾಸ್‌ವರ್ಡ್ ವೆಬ್‌ಸೈಟ್ ಆದ್ರೆ ವೆಬ್‌ಸೈಟ್, ಆಮೇಲೆ ಕ್ಯೂನಲ್ಲಿರೋ ಸ್ಪ್ಯಾಮ್ ಅಳಿಸಿ ಮತ್ತೆ ಶುರು ಮಾಡಿ. ಸ್ಪ್ಯಾಮ್ ಕಳಿಸೋ ಐಪಿಗಳ ಪಟ್ಟಿ ಇಡೋ ಸ್ಪ್ಯಾಮ್‌ಹೌಸ್‌ನೋರ ಪಟ್ಟಿಗೆ ನಿಮ್ಮ ಐಪಿ ಸೇರಿದ್ಯಾ ನೋಡಿ, ಸೇರಿದ್ರೆ ತೆಗೀರಿ ಅಂತ ಕೇಳೋದು ಇದೆಲ್ಲಾ ಸರಿ ಮಾಡಿದ ಮೇಲೇನೇ, ಮುಂಚೆ ಕೇಳಿದ್ರೆ ಮತ್ತೆ ಹಾಕ್ತಾರೆ.