ಮೋರಿ ಗಪ್ಪಿ ಬದುಕುತ್ತದೆ, ಅಂಗಡಿ ಗಪ್ಪಿ ಯಾಕೆ ಸಾಯುತ್ತದೆ?

"ಸರ್, ಚಿಕ್ಕವರಿದ್ದಾಗ ಮೋರಿಯಿಂದ ಹಿಡಿದು ಹಾರ್ಲಿಕ್ಸ್ ಬಾಟ್ಲಿಗೆ ಹಾಕ್ತಿದ್ವಿ, ತಿಂಗಳುಗಟ್ಟಲೆ ಇರ್ತಿತ್ತು. ಈಗ ಜೋಡಿಗೆ ಇಷ್ಟೊಂದು ದುಡ್ಡು ಕೊಟ್ಟು ತಂದ್ರೆ ಹತ್ತು ದಿನಕ್ಕೇ ಖಾಲಿ. ಏನಿದು?"

ಮೈಸೂರಿನಲ್ಲಿ ಅಲಂಕಾರಿಕ ಮೀನುಗಳ ಕಾಯಿಲೆ ನೋಡುವುದು ನನ್ನ ಕೆಲಸ. ಕವರಿನಲ್ಲಿ ಸಾಯುತ್ತಿರುವ ಗಪ್ಪಿ ಹಿಡಿದುಕೊಂಡು ಬರುವವರಲ್ಲಿ ಮುಕ್ಕಾಲು ಪಾಲು ಜನ ಇದನ್ನೇ ಕೇಳುತ್ತಾರೆ. ಅಂಗಡಿಯವರು "ನಿಮ್ಮ ನೀರು ಸರಿ ಇಲ್ಲ" ಅಂದಿರುತ್ತಾರೆ. ಕೊಂಡವರು "ಕಾಯಿಲೆ ಮೀನು ಕೊಟ್ಟು ಕಳಿಸಿದ್ದಾರೆ" ಅನ್ನುತ್ತಾರೆ. ಇಂಟರ್‌ನೆಟ್ ನೋಡಿಕೊಂಡು ಬಂದವರು "ಒಳಸಂಬಂಧದಿಂದ ತಳಿಯೇ ಕೆಟ್ಟುಹೋಗಿದೆಯಂತೆ" ಅನ್ನುತ್ತಾರೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಆದರೆ ಮೂರನೆಯದನ್ನು ಜನ ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮೋರಿಯ ಗಪ್ಪಿಯೂ ನಮ್ಮ ಊರಿನದಲ್ಲ. ಟ್ರಿನಿಡಾಡ್, ವೆನೆಜುವೆಲಾ, ಗಯಾನಾ ಕಡೆಯ ಮೀನು ಅದು. ಸೊಳ್ಳೆ ಮರಿ ತಿನ್ನಲಿ ಅಂತ ನೂರು ವರ್ಷಕ್ಕೂ ಹಿಂದೆ ನಮ್ಮ ದೇಶಕ್ಕೆ ತಂದರು. ನಮ್ಮ ರಾಜ್ಯದಲ್ಲಿ ಮಲೇರಿಯಾ ತಡೆಯಲು ಬಾವಿ, ತೊಟ್ಟಿಗಳಿಗೆ ಗಪ್ಪಿಯನ್ನೂ ಗಾಂಬೂಸಿಯಾ ಅನ್ನುವ ಇನ್ನೊಂದು ಸಣ್ಣ ಮೀನನ್ನೂ ಬಿಟ್ಟಿದ್ದಾರೆ, ಈಗಲೂ ಬಿಡುತ್ತಾರೆ. ಹೀಗೆ ಬಿಟ್ಟದ್ದು, ಯಾರೋ ಸುರಿದದ್ದು, ಮಳೆಯಲ್ಲಿ ಕೊಚ್ಚಿಹೋದದ್ದು, ಇವುಗಳ ಸಂತತಿಯೇ ಮೋರಿಯಲ್ಲಿರುವುದು. ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ಆ ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕಬಲ್ಲದು. ಹಾಗಾಗಿ ಒಂದೇ ಒಂದು ಬಸುರಿ ಮೀನಿನಿಂದ ಇಡೀ ಮೋರಿ ತುಂಬಬಹುದು. ಅಂದಮೇಲೆ ಮೋರಿಯಲ್ಲೂ ಅಣ್ಣತಂಗಿಯರೇ ಕೂಡಿ ಬೆಳೆದ ವಂಶ ಇರುತ್ತದೆ, ಅಲ್ವಾ? ಆದರೂ ಅದು ಗಟ್ಟಿ.

ಯಾಕೆಂದರೆ ಮೋರಿಯಲ್ಲಿ ಔಷಧಿ ಹಾಕುವವರು ಯಾರೂ ಇಲ್ಲ. ಆಮ್ಲಜನಕ ಕಮ್ಮಿಯಾದರೆ ನೀರಿನ ಮೇಲ್ಪದರಕ್ಕೆ ಬಾಯಿ ಹಚ್ಚಿ ಉಸಿರಾಡಲು ಆಗದ ಮೀನು ಅವತ್ತೇ ಸಾಯುತ್ತದೆ. ಏಪ್ರಿಲ್ ಬಿಸಿಲು ತಡೆಯದ್ದು, ಕಾಯಿಲೆ ತಡೆಯದ್ದು, ಕೊಕ್ಕರೆಯಿಂದ ತಪ್ಪಿಸಿಕೊಳ್ಳಲಾಗದ್ದು, ಎಲ್ಲ ಹೋಗುತ್ತವೆ. ಉಳಿದವು ಮಾತ್ರ ಮರಿ ಹಾಕುತ್ತವೆ. ಫಾರ್ಮಿನಲ್ಲಿ ಆರಿಸುವವನು ಮನುಷ್ಯ, ಅವನು ನೋಡುವುದು ಬಾಲ ಮತ್ತು ಬಣ್ಣ. ಅಲ್ಬಿನೋ ಫುಲ್ ರೆಡ್, ಮಾಸ್ಕೋ ಬ್ಲೂ, ಡಂಬೋ ಇಯರ್, ಹೀಗೆ ಒಂದೊಂದು ತಳಿಯನ್ನೂ ಶುದ್ಧವಾಗಿ ಉಳಿಸಿಕೊಳ್ಳಲು ಹತ್ತಿರದ ಸಂಬಂಧದಲ್ಲೇ ಕೂಡಿಸಬೇಕು. ಒಡಹುಟ್ಟಿದವು ಕೂಡಿ ಹುಟ್ಟಿದ ಮರಿಯಲ್ಲಿ ಒಳಸಂಬಂಧದ ಪ್ರಮಾಣ ಒಂದೇ ತಲೆಮಾರಿಗೆ ಶೇ. 25ಕ್ಕೆ ಏರುತ್ತದೆ. ಜಪಾನಿನಲ್ಲಿ ಗಪ್ಪಿಗಳ ಮೇಲೇ ಪ್ರಯೋಗ ಮಾಡಿ, ಒಳಸಂಬಂಧ ಜಾಸ್ತಿಯಾದಂತೆ ಉಪ್ಪು ನೀರು ತಡೆದುಕೊಳ್ಳುವ ಶಕ್ತಿ ಕಮ್ಮಿಯಾಗುತ್ತದೆ ಅಂತ ತೋರಿಸಿದ್ದಾರೆ. ಇಂಥ ದುರ್ಬಲ ಮೀನು ಮೋರಿಯಲ್ಲಾದರೆ ಮರಿ ಹಾಕುವ ಮೊದಲೇ ಹೋಗಿಬಿಡುತ್ತಿತ್ತು. ಫಾರ್ಮಿನಲ್ಲಿ ಉಪ್ಪು, ಆಂಟಿಬಯಾಟಿಕ್, ಒಳ್ಳೆ ಮೇವು ಕೊಟ್ಟು ಅದನ್ನು ನಿಲ್ಲಿಸುತ್ತಾರೆ, ಬಾಲ ಚೆನ್ನಾಗಿದ್ದರೆ ಅದರಿಂದಲೇ ಮರಿ ತೆಗೆಯುತ್ತಾರೆ. ರಿಬ್ಬನ್ ತಳಿಯ ಗಂಡುಗಳಂತೂ ಕೂಡುವ ರೆಕ್ಕೆ ವಿಪರೀತ ಉದ್ದವಾಗಿ, ತಾವಾಗಿ ಕೂಡುವುದಕ್ಕೇ ಆಗದ ಸ್ಥಿತಿಗೆ ಬಂದಿವೆ. ನೋಡಲು ಚೆಂದ, ನಿಜ. ನನಗೆ ಕನಿಕರ ಬರುತ್ತದೆ.

ಇನ್ನು ದಾರಿ. ಮೈಸೂರು, ಮಂಡ್ಯದ ಅಂಗಡಿಗಳಿಗೆ ಬರುವ ಮೀನು ಹೆಚ್ಚಿನದು ಹೊರಗಿನದೇ. ಚೆನ್ನೈನ ಕೊಳತ್ತೂರು ಕಡೆಯದು, ಬೆಂಗಳೂರಿನ ಹೋಲ್‌ಸೇಲ್‌ನವರು ಬೇರೆ ಬೇರೆ ಕಡೆಯಿಂದ ತರಿಸಿದ್ದು. ಕೆಲವು ಫಾರ್ಮುಗಳಲ್ಲಿ ಗಪ್ಪಿಯನ್ನು ಸ್ವಲ್ಪ ಉಪ್ಪು ಬೆರೆತ ನೀರಿನಲ್ಲೇ ಸಾಕುತ್ತಾರೆ. ಉಪ್ಪಿನಲ್ಲಿ ಬೆಳೆದ ಮೀನನ್ನು ಒಂದೇ ದಿನಕ್ಕೆ ನಮ್ಮ ಕಾವೇರಿ, ಕಬಿನಿ ನಲ್ಲಿ ನೀರಿಗೆ ಬಿಟ್ಟರೆ ಮೈಯೊಳಗಿನ ಉಪ್ಪುನೀರಿನ ಲೆಕ್ಕ ಸರಿ ಮಾಡಿಕೊಳ್ಳುವುದರಲ್ಲೇ ಅದು ಸೋತುಹೋಗುತ್ತದೆ. ಗಪ್ಪಿಗೆ ಸ್ವಲ್ಪ ಗಡಸು ನೀರೇ ಇಷ್ಟ. ಆ ಲೆಕ್ಕದಲ್ಲಿ ಮಂಡ್ಯ ಕಡೆಯ ಬೋರ್ ನೀರು ಅದಕ್ಕೆ ಒಳ್ಳೆಯದೇ, ಆದರೆ ಪಿಎಚ್ ಜಾಸ್ತಿ ಇರುವ ನೀರಿನಲ್ಲಿ, ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಇನ್ನಷ್ಟು ವಿಷ. ಹೊಸ ಟ್ಯಾಂಕು, ಫಿಲ್ಟರಿನಲ್ಲಿ ಆ ಅಮೋನಿಯಾವನ್ನು ಕಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ಇನ್ನೂ ಕೂತಿಲ್ಲ, ಮೇಲೆ ಗಡಸು ಬೋರ್ ನೀರು. ಇದು ಸೇರಿದರೆ ಗಟ್ಟಿ ಮೀನೂ ಉಳಿಯುವುದಿಲ್ಲ.

ಕವರಿನ ವಿಷಯ ಒಂದಿದೆ, ಅಂಗಡಿಯವರೂ ಗಮನ ಕೊಡುವುದಿಲ್ಲ. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದ ಕವರಿನೊಳಗೆ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಅಮೋನಿಯಾ ಇದ್ದರೂ ಅಷ್ಟು ಕೆಡುಕಿಲ್ಲದ ರೂಪದಲ್ಲಿರುತ್ತದೆ. ಬಾಯಿ ಬಿಚ್ಚಿದ ಕೂಡಲೇ ಗಾಳಿ ಆಡಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಆ ಕೊಳಕು ನೀರಿಗೇ ಗಂಟೆಗಟ್ಟಲೆ ಹನಿ ಹನಿ ಹೊಸ ನೀರು ಬಿಟ್ಟು "ಹೊಂದಿಸುತ್ತಾ" ಕೂರುವವರಿದ್ದಾರೆ. ದೂರದಿಂದ ಬಂದ ಮೀನಿಗೆ ಅದು ಉಪಕಾರವಲ್ಲ. ಕವರ್ ತೇಲಿಬಿಟ್ಟು ಬಿಸಿ ಹೊಂದಿಸಿ, ಆಮೇಲೆ ಬೇಗ ಬಲೆಯಲ್ಲಿ ಎತ್ತಿ, ಅದಕ್ಕೆ ತಕ್ಕ ನೀರು ಸಿದ್ಧವಿರುವ ತೊಟ್ಟಿಗೆ ಬಿಡಬೇಕು. ಕವರಿನ ನೀರು ತೊಟ್ಟಿಗೆ ಬೀಳಬಾರದು. ಪಕ್ಕದ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ಈ ಅವಸರ ಬೇಕಿಲ್ಲ, ನಿಧಾನವಾಗಿಯೇ ಹೊಂದಿಸಿ.

ಅಂಗಡಿಗೆ ಬಂದ ಮೇಲೆ ನಾಲ್ಕು ಕಡೆಯ ಲಾಟು ಒಂದೇ ತೊಟ್ಟಿಗೆ ಬೀಳುತ್ತದೆ, ಇಲ್ಲವೇ ಒಂದೇ ಬಲೆ ಎಲ್ಲ ತೊಟ್ಟಿಗೂ ಹೋಗುತ್ತದೆ. ಒಂದೊಂದು ಫಾರ್ಮಿನ ಮೀನೂ ತನ್ನ ಜಾಗದ ಕ್ರಿಮಿಗೆ ಒಗ್ಗಿಕೊಂಡಿರುತ್ತದೆ, ಇನ್ನೊಂದರ ಕ್ರಿಮಿಗೆ ಅಲ್ಲ. ಹೊಸ ಗಪ್ಪಿ ತಂದು ಬಿಟ್ಟ ಮೇಲೆ ಹೊಸದು ಆರಾಮಾಗಿದ್ದು, ಮನೆಯಲ್ಲಿ ವರ್ಷದಿಂದ ಇದ್ದ ಹಳೆಯವು ಸಾಲಾಗಿ ಸತ್ತರೆ ಕಾರಣ ಹೆಚ್ಚಾಗಿ ಇದೇ. "ಮೋರಿ ಮೀನು ಗಟ್ಟಿ, ಅದನ್ನೂ ಜೊತೆಗೆ ಬಿಡೋಣ" ಅಂತ ತಂದು ಬಿಟ್ಟವರ ಮನೆಯಲ್ಲಿ ಮೋರಿ ಮೀನೇ ಮೊದಲು ಸತ್ತದ್ದನ್ನು ನಾನು ನೋಡಿದ್ದೇನೆ. ತನ್ನ ಮೋರಿಯಲ್ಲಿ ಅದು ಶೂರ, ಅಷ್ಟೇ.

ಹಾಗಾದರೆ ಸಾಯಿಸುವುದು ಯಾವುದು? ಅಂಗಡಿಯಲ್ಲಿ "ಫಂಗಸ್" ಅಂತ ಹೇಳಿ ಮಿಥಿಲೀನ್ ಬ್ಲೂ ಕೊಟ್ಟು ಕಳಿಸುವುದರಲ್ಲಿ ಬಹುಪಾಲು ಫಂಗಸ್ ಅಲ್ಲ, ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ. ಬಾಯಿ ಸುತ್ತ ಹತ್ತಿ ಅಂಟಿದ ಹಾಗೆ ಬಿಳಿ, ಬೆನ್ನ ಮೇಲೆ ಜೀನು ಹಾಕಿದಂಥ ಮಾಸಲು ಪಟ್ಟಿ, ಬಾಲ ಕರಗುವುದು. ಜೋರಾಗಿ ಬಂದರೆ ಒಂದೆರಡು ದಿನದಲ್ಲೇ ತೊಟ್ಟಿ ಖಾಲಿ. ಬಿಸಿ ಹೆಚ್ಚಿದಷ್ಟೂ ಇದು ಚುರುಕು. ಬಿಳಿ ಚುಕ್ಕೆ ರೋಗಕ್ಕೆ ಹೀಟರ್ ಹಾಕಿ 30 ಡಿಗ್ರಿಗೆ ಏರಿಸುವ ಉಪಾಯವನ್ನು ಇಲ್ಲಿ ಮಾಡಿದರೆ ರೋಗಕ್ಕೇ ಸಹಾಯ ಮಾಡಿದ ಹಾಗೆ. ಬೇರೆ ತೊಟ್ಟಿಗೆ ಎತ್ತಿ, ನೀರು ಸ್ವಲ್ಪ ತಂಪಾಗಿಟ್ಟು, ಗಾಳಿ ಜಾಸ್ತಿ ಬಿಟ್ಟು, ಲೀಟರಿಗೆ 2 ಗ್ರಾಂನಷ್ಟು ಕಲ್ಲುಪ್ಪನ್ನು ಕರಗಿಸಿ ನಿಧಾನವಾಗಿ ಸೇರಿಸಿ. ಮೊದಲ ದಿನವೇ ಕಂಡುಹಿಡಿದರೆ ಕೆಲವು ಉಳಿಯುತ್ತವೆ. ಆಂಟಿಬಯಾಟಿಕ್ ಬೇಕೋ ಬೇಡವೋ ಅನ್ನುವುದನ್ನು ಯಾರಿಗಾದರೂ ತೋರಿಸಿ ನಿರ್ಧರಿಸಿ. ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಸುಮ್ನೆ ಸುರಿಯಬೇಡಿ. ಫಾರ್ಮಿನಲ್ಲಿ, ಹೋಲ್‌ಸೇಲಿನಲ್ಲಿ, ಅಂಗಡಿಯಲ್ಲಿ ಅದೇ ಔಷಧಿ ಕುಡಿದು ಬಂದ ಮೀನಿನ ಬ್ಯಾಕ್ಟೀರಿಯಾ ಅದಕ್ಕೆ ಹೆದರುವುದು ಕಮ್ಮಿ.

ರೆಕ್ಕೆ ಮುದುರಿಕೊಂಡು, ಮೈಯನ್ನು ಕಲ್ಲಿಗೆ ಉಜ್ಜುತ್ತಿದ್ದರೆ ನಾನು ಮೊದಲು ಸೂಕ್ಷ್ಮದರ್ಶಕದಲ್ಲಿ ಹುಡುಕುವುದು ಗೈರೊಡ್ಯಾಕ್ಟಿಲಸ್ ಅನ್ನುವ ಚರ್ಮದ ಹುಳು. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಆ ಮರಿಯ ಹೊಟ್ಟೆಯಲ್ಲಿ ಆಗಲೇ ಇನ್ನೊಂದು ಮರಿ ಬೆಳೆಯುತ್ತಿರುತ್ತದೆ. ಕೆಲವೇ ದಿನದಲ್ಲಿ ಮೈತುಂಬ ಆಗುವುದು ಇದಕ್ಕೇ. ಪ್ರಾಜಿಕ್ವಾಂಟೆಲ್ ಅನ್ನುವ ಹುಳುವಿನ ಔಷಧಿಗೆ ಜಗ್ಗುತ್ತದೆ.

ಗುದದಿಂದ ಕೆಂಪು ದಾರದಂಥದ್ದು ಇಣುಕುತ್ತಿದ್ದರೆ ಅದು ಕಮಲಾನಸ್ ಅನ್ನುವ ಕರುಳಿನ ಹುಳು. ಇದಕ್ಕೆ ಪ್ರಾಜಿಕ್ವಾಂಟೆಲ್ ನಾಟುವುದಿಲ್ಲ, ದನಕರುಗಳಿಗೆ ಕೊಡುವ ಲೆವಮಿಸೋಲ್ ಬೇಕು, ಪ್ರಮಾಣವನ್ನು ಪಶುವೈದ್ಯರ ಹತ್ತಿರ ಕೇಳಿಯೇ ಹಾಕಿ. ಉದುರಿದ ಹುಳುಗಳನ್ನು ತಳದಿಂದ ಎಳೆದು ಹಾಕಿ, ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ ಕೊಡಿ. ಈ ಹುಳು ಕಣ್ಣಿಗೆ ಕಾಣಿಸುವುದು ಮೀನು ತಂದು ಎಷ್ಟೋ ವಾರ ಆದ ಮೇಲೆ. ಅಷ್ಟರಲ್ಲಿ ಅಂಗಡಿ ಮರೆತೇ ಹೋಗಿರುತ್ತದೆ, ಹೆಂಡತಿ ಹಾಕಿದ ಅನ್ನದ ಅಗುಳಿನ ಮೇಲೆ ಅಪವಾದ ಬರುತ್ತದೆ.

ಕೊಳ್ಳುವಾಗ ನನ್ನ ಸಲಹೆ: ಪೂರ್ತಿ ಬಣ್ಣ ಬಂದ ದೊಡ್ಡ ಗಂಡನ್ನು ಬಿಡಿ. ಗಪ್ಪಿಯ ಆಯಸ್ಸೇ ಎರಡು ವರ್ಷದ ಆಸುಪಾಸು, ಅಂಗಡಿಯಲ್ಲಿ ಮಿಂಚುವ ಗಂಡು ಆಗಲೇ ಅದರಲ್ಲಿ ಒಂದು ಪಾಲು ಕಳೆದಿರುತ್ತದೆ. ನಿಮ್ಮ ಊರಲ್ಲೇ, ನಿಮ್ಮಂಥ ನೀರಲ್ಲೇ ಮನೆಯಲ್ಲಿ ಮರಿ ತೆಗೆಯುವ ಹವ್ಯಾಸಿಗಳು ಸಿಕ್ಕರೆ ಅವರಿಂದ ಎಳೆಯ ಮೀನು ತನ್ನಿ. ಅಂಗಡಿಯಿಂದಲೇ ಆದರೆ ಲಾಟು ಬಂದ ದಿನವೇ ಮುಗಿಬೀಳಬೇಡಿ, ಒಂದು ವಾರ ಅಲ್ಲೇ ಇರಲಿ, ಸಾಯುವುದು ಅಲ್ಲೇ ಸಾಯಲಿ. ಒಂದೇ ತೊಟ್ಟಿಯಿಂದ ಎಲ್ಲವನ್ನೂ ಒಟ್ಟಿಗೆ ತನ್ನಿ, ಆ ತೊಟ್ಟಿಯಲ್ಲಿ ಒಂದು ಸತ್ತ ಮೀನು ಕಂಡರೂ ವಾಪಸ್ ಬನ್ನಿ. ಮನೆಯಲ್ಲಿ ನಾಲ್ಕು ವಾರ ಬೇರೆ ತೊಟ್ಟಿ, ಬೇರೆ ಬಲೆ, ಬೇರೆ ಪೈಪು. ಅಷ್ಟರಲ್ಲಿ ಹೆಣ್ಣುಗಳು ಮರಿ ಹಾಕಿರುತ್ತವೆ. ತಂದ ಜೋಡಿ ಹೋದರೂ ಪರವಾಗಿಲ್ಲ, ನಿಮ್ಮ ನೀರಲ್ಲೇ ಹುಟ್ಟಿ ಉಳಿದ ಮರಿಗಳು ಅದಕ್ಕಿಂತ ಗಟ್ಟಿ. ಅವುಗಳಲ್ಲಿ ಸೊಟ್ಟ ಬೆನ್ನಿನದು, ಬಡಕಲಾಗಿರುವುದು ಎಷ್ಟೇ ಚೆಂದ ಇದ್ದರೂ ಅದರಿಂದ ಮರಿ ತೆಗೆಯಬೇಡಿ.

ಸೊಟ್ಟ ಬೆನ್ನು, ತಿಂದರೂ ಒಣಗುವ ಮೈ, ವಾಸಿಯಾಗದ ಹುಣ್ಣು, ಮೂರೂ ಒಟ್ಟಿಗೆ ಕಂಡರೆ ಮೀನಿನ ಕ್ಷಯ ಇರಬಹುದು. ಅದಕ್ಕೆ ಮೀನಿನಲ್ಲಿ ನಂಬುವಂಥ ಚಿಕಿತ್ಸೆ ಇಲ್ಲ. ಅದೇ ಗುಂಪಿನ ಮೈಕೊಬ್ಯಾಕ್ಟೀರಿಯಂ ಮರೈನಂ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ. ಕೈಗೆ ಗಾಯ ಇದ್ದಾಗ ತೊಟ್ಟಿಗೆ ಕೈ ಹಾಕಬೇಡಿ, ಪೈಪನ್ನು ಬಾಯಲ್ಲಿ ಎಳೆಯಬೇಡಿ. ತೊಟ್ಟಿ ತೊಳೆಯುವ ಕೈ ಮೇಲೆ ವಾರಗಟ್ಟಲೆ ವಾಸಿಯಾಗದ ಗಂಟು ಎದ್ದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಮನೆಯಲ್ಲಿ ಮೀನು ಸಾಕಿದ್ದೀವಿ ಅಂತ ಮೊದಲೇ ಹೇಳಿ. ಅವರಾಗಿ ಕೇಳುವುದು ಕಮ್ಮಿ.