ಘಟ್ಟಕ್ಕೆ ಎಳೆದ ಗೆರೆ, ಗೆರೆಗೆ ಸಿಗದ ಧರೆ

ಪಶ್ಚಿಮ ಘಟ್ಟದ ಸುಮಾರು 56,825 ಚದರ ಕಿಲೋಮೀಟರ್ ನೆಲವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸುವ ಕೇಂದ್ರದ ಕರಡು ಅಧಿಸೂಚನೆ ಮೊದಲು ಬಂದದ್ದು 2014ರ ಮಾರ್ಚ್ 10ರಂದು. ನಿಗದಿತ ಅವಧಿಯೊಳಗೆ ಅಂತಿಮಗೊಳಿಸದಿದ್ದರೆ ಕರಡು ತಾನಾಗಿಯೇ ಬಿದ್ದುಹೋಗುತ್ತದೆ. ಹಾಗಾಗಿ 2015, 2017, 2018 ಮತ್ತು 2022ರಲ್ಲಿ ಅದನ್ನು ಮತ್ತೆ ಮತ್ತೆ ಹೊರಡಿಸಬೇಕಾಯಿತು. ಆರನೆಯದು 2024ರ ಜುಲೈ 31ರದು. ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತ ಮರುದಿನದ್ದು. ಆರು ರಾಜ್ಯಗಳ ಪೈಕಿ ಕರ್ನಾಟಕದ ಪಾಲೇ ದೊಡ್ಡದು: 20,668 ಚದರ ಕಿಲೋಮೀಟರ್.

ಈ ಗೆರೆ ಎಳೆದ ಬಗೆಯನ್ನು ತಿಳಿಯದೆ ಅದರ ಪರ ಅಥವಾ ವಿರೋಧ ಮಾತಾಡುವುದರಲ್ಲಿ ಅರ್ಥವಿಲ್ಲ. 2011ರಲ್ಲಿ ವರದಿ ಕೊಟ್ಟ ಮಾಧವ ಗಾಡ್ಗೀಳ್ ಸಮಿತಿ ಘಟ್ಟವನ್ನು ಸುಮಾರು 9 ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಇಡೀ ಘಟ್ಟವನ್ನೇ ಮೂರು ಹಂತದ ಸೂಕ್ಷ್ಮ ವಲಯಗಳಲ್ಲಿ ಸೇರಿಸಿತ್ತು. ಈ ಕರಡಿಗೆ ಆಧಾರವಾದ 2013ರ ಕಸ್ತೂರಿರಂಗನ್ ಸಮಿತಿ ಬೇರೆ ದಾರಿ ಹಿಡಿಯಿತು. ಉಪಗ್ರಹ ಚಿತ್ರಗಳ ನೆರವಿನಿಂದ ತೋಟ, ಗದ್ದೆ, ಊರುಗಳಿರುವ ನೆಲವನ್ನೂ ಸಹಜ ಕಾಡನ್ನೂ ಬೇರ್ಪಡಿಸಿ, ಘಟ್ಟದ ಸುಮಾರು ಶೇ 37ರಷ್ಟನ್ನು ಮಾತ್ರ ಸೂಕ್ಷ್ಮವೆಂದು ಗುರುತಿಸಿತು. ಆ ಚಿತ್ರದ ಒಂದೊಂದು ಬಿಂದು ನೆಲದ ಮೇಲೆ 24 ಮೀಟರ್ ಉದ್ದಗಲ, ಅಂದರೆ ಸುಮಾರು ಐದೂಮುಕ್ಕಾಲು ಗುಂಟೆ. ಮರದ ನೆರಳಿನಲ್ಲಿ ಬೆಳೆದ ಕಾಫಿ, ಏಲಕ್ಕಿ ತೋಟಗಳು ಮೇಲಿನಿಂದ ನೋಡಿದರೆ ಕಾಡಿನಂತೆಯೇ ಕಾಣುತ್ತವೆ. ತಕರಾರು ಶುರುವಾಗುವುದೇ ಇಲ್ಲಿ.

ಇನ್ನೊಂದು ತೊಡಕು ಲೆಕ್ಕದ ಘಟಕದಲ್ಲಿದೆ. ಗ್ರಾಮದ ವಿಸ್ತೀರ್ಣದಲ್ಲಿ ಶೇ 20 ಅಥವಾ ಹೆಚ್ಚು ಭಾಗ ಸೂಕ್ಷ್ಮವಾಗಿದ್ದರೆ ಇಡೀ ಗ್ರಾಮ ಪಟ್ಟಿಗೆ ಸೇರುತ್ತದೆ. ಸಾವಿರ ಎಕರೆಯ ಊರಿನಲ್ಲಿ 200 ಎಕರೆ ಇದ್ದರೆ ಒಳಗೆ, ಅದೇ ಗುಡ್ಡದ ಆಚೆ ಮಗ್ಗುಲಿನ ಅಷ್ಟೇ ದೊಡ್ಡ ಊರಿನಲ್ಲಿ 190 ಎಕರೆ ಇದ್ದರೆ ಹೊರಗೆ. ಗ್ರಾಮಕ್ಕೆ ದಾಖಲೆಯಿದೆ, ಗಡಿಯಿದೆ, ಕೇಳಲು ಗ್ರಾಮಸಭೆಯಿದೆ ಎಂಬುದು ಈ ಆಯ್ಕೆಯ ಹಿಂದಿನ ಅನುಕೂಲ, ಅದನ್ನು ತಳ್ಳಿಹಾಕಲಾಗದು. ಆದರೆ ನೀರು ಹರಿಯುವುದು ಗ್ರಾಮದ ನಕ್ಷೆ ನೋಡಿಕೊಂಡಲ್ಲ.

ಕರಡು ತಡೆಯುವುದು ದೊಡ್ಡ ಕೆಲಸಗಳನ್ನು. ಗಣಿ, ಕಲ್ಲುಕೋರೆ ಮತ್ತು ಮರಳುಗಾರಿಕೆ ಪೂರ್ತಿ ನಿಷೇಧ. ಈಗಿರುವ ಗಣಿಗಳು ಅಂತಿಮ ಅಧಿಸೂಚನೆಯ ಐದು ವರ್ಷದೊಳಗೆ ಅಥವಾ ಗುತ್ತಿಗೆ ಮುಗಿದಾಗ, ಯಾವುದು ಮೊದಲೋ ಆಗ, ನಿಲ್ಲಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ‘ಕೆಂಪು ಪಟ್ಟಿ’ಯ ಹೊಸ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ಕಟ್ಟಡ ಯೋಜನೆಗಳಿಗೂ ಅವಕಾಶವಿಲ್ಲ. ಜಮೀನು ಮಾರಲು ಅಡ್ಡಿಯಿಲ್ಲ, ಇರುವ ಮನೆಯನ್ನು ದುರಸ್ತಿ ಮಾಡಬಹುದು, ವಿಸ್ತರಿಸಲೂಬಹುದು. ಒಕ್ಕಲೆಬ್ಬಿಸುತ್ತಾರೆ ಎಂಬ ಭಯಕ್ಕೆ ಕರಡಿನಲ್ಲಿ ಆಧಾರವಿಲ್ಲ.

ಜಲವಿದ್ಯುತ್ ಯೋಜನೆಗಳಿಗೆ ಷರತ್ತುಗಳಿವೆ. ಬೇಸಿಗೆಯಂತಹ ಕಡಿಮೆ ಹರಿವಿನ ಕಾಲದಲ್ಲಿ ಎಷ್ಟು ನೀರಿರುತ್ತದೋ ಅದರ ಕನಿಷ್ಠ ಶೇ 30ರಷ್ಟು ಸದಾ ಹರಿಯುತ್ತಿರಬೇಕು. ಒಂದು ಯೋಜನೆಗೂ ಇನ್ನೊಂದಕ್ಕೂ 3 ಕಿಲೋಮೀಟರ್ ಅಂತರವಿರಬೇಕು. ಕಡಿಮೆ ಹರಿವಿನಲ್ಲಿ ಸೆಕೆಂಡಿಗೆ 10 ಘನ ಮೀಟರ್ ನೀರಿದ್ದರೆ 3 ಘನ ಮೀಟರ್ ಬಿಡಬೇಕು. ಬಿಟ್ಟರೋ ಇಲ್ಲವೋ ಎಂದು ಅಳೆಯುವ ಮಾಪಕ ಒಡ್ಡಿನ ಕೆಳಗಿಲ್ಲದಿದ್ದರೆ ಈ ಷರತ್ತು ಕಾಗದದಲ್ಲೇ ಉಳಿಯುತ್ತದೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಲ್ಲಿ 25 ಮೆಗಾವಾಟ್‌ಗಿಂತ ಚಿಕ್ಕ ಜಲವಿದ್ಯುತ್ ಯೋಜನೆಗಳಿಗೆ ಪೂರ್ವಾನುಮತಿಯ ಕಟ್ಟು ಇರಲಿಲ್ಲ. ಘಟ್ಟದ ಹಳ್ಳಗಳಿಗೆ ಬರುವುದು ಬಹುಪಾಲು ಅಂಥ ಕಿರು ಯೋಜನೆಗಳೇ.

ಎಲ್ಲಕ್ಕಿಂತ ಕಳವಳದ ವಿಷಯವೆಂದರೆ 20,000 ಚದರ ಮೀಟರ್ ಎಂಬ ಮಿತಿ. ತಲಾ 60 ಚದರ ಮೀಟರ್‌ನ ಐವತ್ತು ಕಾಟೇಜುಗಳ ರೆಸಾರ್ಟ್ ಕಟ್ಟಿದರೂ ಒಟ್ಟು 3,000 ಚದರ ಮೀಟರ್. ಆ ನಿಷೇಧ ಅದನ್ನು ಮುಟ್ಟುವುದೇ ಇಲ್ಲ. ಗುಡ್ಡಕ್ಕೆ ಅಪಾಯ ತರುವುದು ಕಟ್ಟಡದ ಗಾತ್ರಕ್ಕಿಂತ ಹೆಚ್ಚಾಗಿ ಅದಕ್ಕಾಗಿ ಕಡಿದ ಧರೆ, ಅಂದರೆ ಇಳಿಜಾರಿನ ಮಣ್ಣಿನ ಗೋಡೆ. ಇಳಿಜಾರಿನ ಮಣ್ಣಿಗಿಳಿದ ಮಳೆನೀರು ಕೆಳಗಿನ ಬಂಡೆಯ ಮೇಲೆ ತಡೆದು ನಿಲ್ಲುತ್ತದೆ. ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿದಂತೆ ಕಣಗಳ ಹಿಡಿತ ಸಡಿಲವಾಗುತ್ತದೆ, ನೆನೆದ ಮಣ್ಣು ಭಾರವೂ ಆಗುತ್ತದೆ. ಆಗಲೂ ಮೇಲಿನ ಮಣ್ಣನ್ನು ಹಿಡಿದು ನಿಲ್ಲಿಸುವುದು ಬುಡದ ಮಣ್ಣು. ರಸ್ತೆಗೋ ಮನೆಯಂಗಳಕ್ಕೋ ಜೆಸಿಬಿ ಆ ಬುಡವನ್ನೇ ನೆಟ್ಟಗೆ ಕಡಿದರೆ ಆಸರೆ ಹೋಗುತ್ತದೆ. ಬೇಸಿಗೆಯಲ್ಲಿ ಕಡಿದ ಧರೆ ಗಟ್ಟಿಯಾಗಿಯೇ ಕಾಣುತ್ತದೆ, ಆಷಾಢದಲ್ಲಿ ಜಾರುತ್ತದೆ. ತಡೆಗೋಡೆ ಕಟ್ಟಿದರೂ ಹಿಂದಿನ ನೀರು ಹೊರಬರಲು ತೂತು ಬಿಡದಿದ್ದರೆ ಗೋಡೆಯೇ ಅಣೆಕಟ್ಟಿನಂತಾಗಿ, ಕೊನೆಗೆ ಮಣ್ಣಿನ ಸಮೇತ ಉರುಳುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದ ಗುಡ್ಡದ ಬುಡದಲ್ಲಿ ಹಾದುಹೋಗುವುದು ರಾಷ್ಟ್ರೀಯ ಹೆದ್ದಾರಿ 66.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ದೇಶದ ಗುಡ್ಡಗಾಡುಗಳಿಗೆ 1:50,000 ಪ್ರಮಾಣದಲ್ಲಿ ಕುಸಿತ ಸಾಧ್ಯತೆಯ ನಕ್ಷೆ ಮಾಡಿದೆ. ಅದರಲ್ಲಿ 20 ಮೀಟರ್ ಅಗಲದ ನಿವೇಶನ ಅರ್ಧ ಮಿಲಿಮೀಟರ್ ಕೂಡ ಆಗದು. ತಾಲ್ಲೂಕಿಗೆ ಎಚ್ಚರಿಕೆ ಕೊಡಲು ಅದು ಸಾಕು, ಒಂದು ಸರ್ವೆ ನಂಬರಿಗೆ ಅನುಮತಿ ಕೊಡಲು ಸಾಲದು. ಅದಕ್ಕೆ ಸ್ಥಳದಲ್ಲೇ ಇಳಿಜಾರಿನ ಕೋನ, ಮಣ್ಣಿನ ಆಳ, ಒರತೆ ಇರುವ ಜಾಗ ಇವನ್ನು ಅಳೆಯಬೇಕು.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಇಡಿಯಾಗಿ ಬೇಡ ಎನ್ನುವುದಕ್ಕಿಂತ ಸರ್ವೆ ನಂಬರ್ ಸಹಿತ ತೋಟ ಎಲ್ಲಿದೆ, ಕಾಡು ಎಲ್ಲಿದೆ ಎಂದು ತೋರಿಸುವ ಆಕ್ಷೇಪಣೆ ಹೆಚ್ಚು ಉಪಯುಕ್ತ. ಗೆರೆಯನ್ನು ತಿದ್ದಲು ಬೇಕಾದ ಮಾಹಿತಿ ಅದರಲ್ಲಿರುತ್ತದೆ. ಜೊತೆಗೆ, ಪಟ್ಟಿಯೊಳಗಿರಲಿ ಹೊರಗಿರಲಿ, ಮಲೆನಾಡಿನ ಯಾವುದೇ ಭೂ ಪರಿವರ್ತನೆಯ ಅರ್ಜಿಯಲ್ಲಿ ಎಷ್ಟು ಎತ್ತರದ ಧರೆ ಕಡಿಯುತ್ತಾರೆ, ಮೇಲಿನಿಂದ ಬರುವ ನೀರನ್ನು ಎಲ್ಲಿಗೆ ಬಿಡುತ್ತಾರೆ ಎಂಬ ಎರಡು ಕಾಲಂ ಸೇರಿಸಲು ರಾಜ್ಯ ಸರ್ಕಾರ ದೆಹಲಿಯ ಅಧಿಸೂಚನೆಗಾಗಿ ಕಾಯಬೇಕಿಲ್ಲ.