ಮುತ್ತಜ್ಜ ಸಿಗುವುದು ಪಹಣಿಯ ಹತ್ತನೇ ಕಾಲಂನಲ್ಲಿ

ಹೋದ ವರ್ಷ ಮಳೆಗಾಲದಲ್ಲಿ ಅಮೆರಿಕದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ನಮ್ಮ ತುಮಕೂರು ಜಿಲ್ಲೆಯವನೇ. ಅವನ ಆಫೀಸಿನ ಗೆಳೆಯನೊಬ್ಬ 1950ರ ಜನಗಣತಿಯ ಹಾಳೆಯನ್ನು ಕಂಪ್ಯೂಟರ್‌ನಲ್ಲಿ ತೆಗೆದು, ತನ್ನ ತಾತನ ಹೆಸರು, ವಯಸ್ಸು, ಕಸುಬು, ಮನೆಯಲ್ಲಿ ಯಾರ್ಯಾರಿದ್ದರು ಎಲ್ಲಾ ತೋರಿಸಿದನಂತೆ.

"ಮೇಡಂ, ನಮ್ಮ ತಾತಂದೂ ಹಂಗೇ ತೆಗೆಸಿಕೊಡಿ. ಖರ್ಚು ಎಷ್ಟಾದ್ರೂ ಪರವಾಗಿಲ್ಲ."

"ಎಷ್ಟು ಕೊಟ್ಟರೂ ಆಗಲ್ಲಪ್ಪಾ" ಅಂದೆ. ಫೀಸು ಜಾಸ್ತಿ ಕೇಳೋದಕ್ಕೆ ಪೀಠಿಕೆ ಹಾಕುತ್ತಿದ್ದೇನೆ ಅಂದುಕೊಂಡ ಅಂತ ಕಾಣುತ್ತದೆ.

ಇಪ್ಪತ್ತೆಂಟು ವರ್ಷದಿಂದ ಸಿವಿಲ್ ಕೇಸು ನಡೆಸುತ್ತಿದ್ದೇನೆ. ನನ್ನ ಹತ್ತಿರ ಜಾಸ್ತಿ ಬರುವುದು ಭಾಗದ ದಾವೆ. ಭಾಗ ಕೇಳಬೇಕಾದರೆ ಮೊದಲು ವಂಶವೃಕ್ಷ ಬರೆಯಬೇಕು. ಕೋರ್ಟಿನ ಬಾಯಲ್ಲಿ ಅದು ಜಿ-ಟ್ರೀ. ಮೇಲೆ ಮೂಲಪುರುಷ, ಕೆಳಗೆ ಮಕ್ಕಳು ಮೊಮ್ಮಕ್ಕಳು. ಒಂದು ಹೆಸರು ತಪ್ಪಿದರೆ ಎದುರು ಪಕ್ಷದ ವಕೀಲರು ಇಡೀ ದಾವೆಯನ್ನೇ ಅಲ್ಲಾಡಿಸುತ್ತಾರೆ. ಹಾಗಾಗಿ ಸತ್ತವರನ್ನು ಹುಡುಕುವುದು ನನಗೆ ಹವ್ಯಾಸವಲ್ಲ, ಹೊಟ್ಟೆಪಾಡು.

ಅಮೆರಿಕದಲ್ಲಿ ಗಣತಿಯ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ಎಲ್ಲರಿಗೂ ಬಿಡುತ್ತಾರೆ. 1950ರದ್ದು 2022ರ ಏಪ್ರಿಲ್‌ನಲ್ಲಿ ಹೊರಬಂತು. ಇಂಗ್ಲೆಂಡಿನಲ್ಲಿ 100 ವರ್ಷ. ಅಲ್ಲಿ 1921ರ ಗಣತಿ 2022ರ ಜನವರಿಯಲ್ಲಿ ಸಿಕ್ಕಿತು. 1931ರದ್ದು ಮಾತ್ರ ಯಾವತ್ತೂ ಸಿಗಲ್ಲ, 1942ರಲ್ಲಿ ಬೆಂಕಿಗೆ ಹೋಯಿತು.

ನಮ್ಮಲ್ಲಿ ಬೆಂಕಿಯೇನೂ ಬೇಕಾಗಲಿಲ್ಲ. 1881ರ ಫೆಬ್ರವರಿ 17ರಂದು ದೇಶಕ್ಕೆಲ್ಲಾ ಒಂದೇ ಸಲ ಗಣತಿ ನಡೆದಾಗ ಮನೆಮನೆಯ ಹಾಳೆಗಳು ಇದ್ದವು. ಅವುಗಳಿಂದ ಊರಿಗೆ ಎಷ್ಟು ಜನ, ಯಾವ ಜಾತಿ, ಯಾವ ಕಸುಬು ಅಂತ ಲೆಕ್ಕ ತೆಗೆದರು. ಲೆಕ್ಕ ಅಚ್ಚಾಯಿತು, ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ. ಸ್ವಾತಂತ್ರ್ಯ ಬಂದ ಮೇಲಿನ ಕಥೆ ಇನ್ನೂ ಖಡಕ್ಕು. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಗಣತಿದಾರರು ಬರೆದುಕೊಂಡಿದ್ದನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ಸಿವಿಲ್ ದಾವೆಯಲ್ಲಿ ಸಾಕ್ಷಿಯಾಗಿಯೂ ಅದು ನಡೆಯುವುದಿಲ್ಲ. ಎಷ್ಟು ವರ್ಷವಾದ ಮೇಲೆ ಬಿಡುತ್ತೇವೆ ಅಂತಲೂ ಕಾಯ್ದೆ ಹೇಳುವುದಿಲ್ಲ. ಒಂದು ಲೆಕ್ಕದಲ್ಲಿ ಸರಿಯೇ ಅನ್ನಿ. ಹೇಳಿದ್ದು ನಾಳೆ ಕೋರ್ಟಿಗೆ ಬರುತ್ತೆ ಅಂದರೆ ಯಾರು ನಿಜ ಹೇಳುತ್ತಾರೆ?

ಹಾಗಾದರೆ ನಮ್ಮ ಹಿರಿಯರ ಹೆಸರನ್ನು ಸರ್ಕಾರ ಎಲ್ಲೂ ಬರೆದುಕೊಳ್ಳಲಿಲ್ಲವಾ? ಬರೆದುಕೊಂಡಿದೆ, ಕಂದಾಯ ವಸೂಲಿ ಮಾಡುವುದಕ್ಕೆ. ಯಾರು ಕಂದಾಯ ಕಟ್ಟಬೇಕಿತ್ತೋ ಅವರ ಹೆಸರು ಬರೆದರು. ಅವನು ಸತ್ತರೆ ಮುಂದೆ ಯಾರು ಕಟ್ಟುತ್ತಾರೆ ಅಂತಲೂ ಬರೆದರು. ವಂಶ ಹುಡುಕುವವರಿಗೆ ಬೇಕಾಗಿರುವುದು ಈ ಎರಡನೇ ಬರಹ.

ಇವತ್ತಿನ ಪಹಣಿಯಿಂದ ಶುರು ಮಾಡಿ. ಒಂಬತ್ತನೇ ಕಾಲಂನಲ್ಲಿ ಖಾತೆದಾರರ ಹೆಸರು. ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ನೀವು ಹತ್ತನೇದು ನೋಡಿ. ಜಮೀನು ಅವನಿಗೆ ಹೇಗೆ ಬಂತು ಅಂತ ಅಲ್ಲಿರುತ್ತದೆ, ಜೊತೆಗೆ ಒಂದು ಎಂಆರ್ ನಂಬರು. ಆ ನಂಬರು ಹಿಡಿದು, ಖಾತೆ ಬದಲಾದದ್ದನ್ನು ಬರೆದಿಡುವ ಮ್ಯುಟೇಶನ್ ರಿಜಿಸ್ಟರಿನ ನಕಲಿಗೆ ಅರ್ಜಿ ಹಾಕಿದರೆ "ಖಾತೆದಾರ ಪೌತಿಯಾದ್ದರಿಂದ ವಾರಸುದಾರರಾದ ಇಂಥವರ ಹೆಸರಿಗೆ" ಅಂತ ಹಿಂದಿನ ತಲೆಮಾರು ಸಿಗುತ್ತದೆ. ಒಂದು ಎಂಆರ್ ಅಂದರೆ ಒಂದು ಮೆಟ್ಟಿಲು. ಕಂಪ್ಯೂಟರ್ ಪಹಣಿ ಬಂದದ್ದು 2000ದ ಆಸುಪಾಸಿನಲ್ಲಿ. ಅದರ ಹಿಂದೆ ಕೈಬರಹದ ಪಹಣಿ. ಹಳೇ ಮೈಸೂರಿನಲ್ಲಿ ಅದಕ್ಕೂ ಹಿಂದೆ ನಾವು ಐಎಲ್‌ಆರ್‌ಆರ್ ಅನ್ನುವ ಹಕ್ಕುದಾಖಲೆಯ ಪುಸ್ತಕಗಳು. ಇನ್ನೂ ಹಿಂದಕ್ಕೆ ಹೋದರೆ 1860ರ ದಶಕದಲ್ಲಿ ಶುರುವಾದ ಸರ್ವೆ. ಅದರಾಚೆಗೆ ಹೊಲಕ್ಕೆ ನಂಬರೇ ಇರಲಿಲ್ಲ, ಹೆಸರಿತ್ತು. ಹುಣಸೆಮರದ ಹೊಲ, ದೆವ್ವದ ಕಟ್ಟೆ ಹೊಲ, ಹಿಂಗೆ.

ಓದುವಾಗ ಎರಡು ಮಾತು ಗೊತ್ತಿರಬೇಕು. "ಬಿನ್" ಅಂದರೆ ಇಂಥವರ ಮಗ, "ಕೋಂ" ಅಂದರೆ ಇಂಥವರ ಹೆಂಡತಿ. ಈಗಿನ ಮಕ್ಕಳು ಬಿನ್ ಅನ್ನುವುದನ್ನು ಮನೆತನದ ಹೆಸರು ಅಂದುಕೊಳ್ಳುತ್ತಾರೆ. ಒಬ್ಬರು ನನ್ನ ಹತ್ತಿರ "ನಮ್ಮದು ಬಿನ್ ವಂಶ ಮೇಡಂ" ಅಂದದ್ದೂ ಉಂಟು.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ನಾನೇ ಬಿದ್ದಿದ್ದೇನೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಪಾಲುಪಟ್ಟಿ ಬಂದಿತ್ತು. "ಪರಾಭವ ನಾಮ ಸಂವತ್ಸರ" ಅಂತ ತಾರೀಕು, "ತಿಮ್ಮಯ್ಯ ಬಿನ್ ರಂಗಯ್ಯ" ಅಂತ ಹೆಸರು. ಕಕ್ಷಿದಾರರ ತಂದೆ ತಿಮ್ಮಯ್ಯ, ಅವರ ತಂದೆ ರಂಗಯ್ಯ. ಪರಾಭವ ಅಂದರೆ 1966. ಎಲ್ಲಾ ಸರಿಯಾಗಿ ಕೂತಿತು. ದಾವೆ ತಯಾರು ಮಾಡಿಯೂ ಆಯಿತು. ಆಮೇಲೆ ಒಂದು ಸಂಜೆ ನಮ್ಮ ಗುಮಾಸ್ತರು ಕಾಗದವನ್ನು ಬೆಳಕಿಗೆ ಹಿಡಿದು, "ಅಮ್ಮಾ, ಇದು ಮೈಸೂರು ಸರ್ಕಾರದ ಹಳೇ ಛಾಪಾ ಕಾಗದ ಕಣಮ್ಮ, ಅರವತ್ತಾರರದ್ದಲ್ಲ" ಅಂದರು. ಅದು 1906ರ ಪರಾಭವ. ಆ ತಿಮ್ಮಯ್ಯ ಬೇರೆ, ಕಕ್ಷಿದಾರರ ತಂದೆಯ ತಾತ.

ಯಾಕೆ ಹೀಗಾಗುತ್ತದೆ ನೋಡಿ. ಸಂವತ್ಸರದ ಹೆಸರು 60 ವರ್ಷಕ್ಕೆ ತಿರುಗಿ ಬರುತ್ತದೆ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುತ್ತಾರೆ, ಅಂದರೆ ಹೆಸರು ಎರಡು ತಲೆಮಾರಿಗೆ ತಿರುಗಿ ಬರುತ್ತದೆ. ಎರಡು ತಲೆಮಾರು ಅಂದರೆ ಹೆಚ್ಚೂಕಮ್ಮಿ 60 ವರ್ಷವೇ ಅಲ್ವಾ? ಎರಡು ಚಕ್ರವೂ ಒಂದರ ಮೇಲೊಂದು ಕೂರುತ್ತವೆ. ಅದೇ ಹೆಸರು, ಅದೇ ಅಪ್ಪನ ಹೆಸರು, ಅದೇ ಸಂವತ್ಸರ, ಆದರೆ ಜನ ಬೇರೆ. ಅವತ್ತಿಂದ ನಾನು ಬರಹಕ್ಕಿಂತ ಮೊದಲು ಕಾಗದ ನೋಡುತ್ತೇನೆ. ಸಾಕ್ಷಿಗಳ ಹೆಸರು, ಬರೆದ ಶಾನುಭೋಗರ ಹೆಸರು ನೋಡುತ್ತೇನೆ. ಶಾನುಭೋಗರು ಯಾವ ಕಾಲದವರು ಅಂತ ಊರಲ್ಲಿ ಯಾರಿಗಾದರೂ ಗೊತ್ತೇ ಇರುತ್ತದೆ.

ಹಾಗಂತ ಹಳೇ ಗಣತಿ ವರದಿಗಳು ದಂಡವಲ್ಲ. ಹೆಸರು ಕೊಡುವುದಿಲ್ಲ, ಆದರೆ ವಂಶವೃಕ್ಷ ಎಲ್ಲಿ ಮುರಿಯಿತು, ಯಾಕೆ ಮುರಿಯಿತು ಅನ್ನುವುದನ್ನು ಅವು ಹೇಳುತ್ತವೆ. ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳ ವಂಶಾವಳಿ ಒಬ್ಬನೇ ಮನುಷ್ಯನಿಂದ ಶುರುವಾಗುವುದನ್ನು ನೋಡಿದ್ದೇನೆ. ಅವನಿಗೆ ಅಣ್ಣತಮ್ಮಂದಿರಿಲ್ಲ, ಅಪ್ಪನ ಹೆಸರು ಗೊತ್ತಿಲ್ಲ. "ಎಲ್ಲಿಂದಲೋ ಬಂದನಂತೆ" ಅನ್ನುತ್ತಾರೆ. ತಲೆಮಾರು ಎಣಿಸಿದರೆ 1870ರ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಈಗ ಗಣತಿ ತೆಗೆಯಿರಿ. 1871ರಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷವೂ ಇಲ್ಲ. ನಡುವೆ ಬಂದಿದ್ದು 1876ರಿಂದ 78ರವರೆಗಿನ ಬರ. ಧಾತು, ಈಶ್ವರ ಸಂವತ್ಸರದಲ್ಲಿ ಬಂದದ್ದಕ್ಕೆ ನಮ್ಮ ಹಿರಿಯರು ಅದನ್ನು ಧಾತು ಈಶ್ವರ ಬರ ಅನ್ನುತ್ತಿದ್ದರು. ನಾವು ಮೂಲಪುರುಷ ಅಂತ ಗೌರವದಿಂದ ಮೇಲೆ ಬರೆಯುವವನು ಎಷ್ಟೋ ಕಡೆ ಆ ಬರದಲ್ಲಿ ಹೇಗೋ ಉಳಿದುಕೊಂಡ ಒಬ್ಬ ಹುಡುಗ ಅಂತ ನನ್ನ ಅನಿಸಿಕೆ. ಕೋರ್ಟಿನಲ್ಲಿ ಇದನ್ನು ಹೇಳಲಾರೆ, ಇಲ್ಲಿ ಹೇಳಬಹುದು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನಮ್ಮ ದಾಖಲೆಗಳು ಮೈ ಉರಿಸುತ್ತವೆ. ಹೆಂಡತಿ "ಕೋಂ" ಆಗಿಯಾದರೂ ಬರುತ್ತಾಳೆ, ಅದೂ ಗಂಡ ಸತ್ತು ಮಗ ಮೈನರಾಗಿದ್ದರೆ. ಮದುವೆಯಾಗಿ ಹೋದ ಮಗಳು ಮಾಯ. 1951-52ರ ಮೊದಲ ಚುನಾವಣೆಯ ಮತದಾರರ ಪಟ್ಟಿ ಮಾಡುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಸ್ವಂತ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ಮಗಳು ಅಂತಲೇ ಬರೆಸಿದ್ದಕ್ಕೆ ಪಟ್ಟಿಯಿಂದ ಬಿಟ್ಟುಹೋದರು. ಹೆಚ್ಚಿನವರು ಉತ್ತರದ ರಾಜ್ಯಗಳವರು ಅನ್ನುವುದು ಬೇರೆ ಮಾತು. ಇವತ್ತಿಗೂ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಅಕ್ಕತಂಗಿಯರನ್ನು ಬಿಟ್ಟು ಅಫಿಡವಿಟ್ ಕೊಡುವ ಅಣ್ಣತಮ್ಮಂದಿರು ವಾರಕ್ಕೊಬ್ಬರಂತೆ ಬರುತ್ತಾರೆ. 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೆ ಈ ಮರೆವು ಜಾಸ್ತಿಯಾಗಿದೆಯೇ ಹೊರತು ಕಮ್ಮಿಯಾಗಿಲ್ಲ. ಹೆಂಗಸರನ್ನು ಹುಡುಕಬೇಕಾದರೆ ನಾನು ಹೋಗುವುದು ಹಳೇ ಮತದಾರರ ಪಟ್ಟಿಗೆ. ಅದರಲ್ಲಿ ಮನೆ ನಂಬರಿನ ಪ್ರಕಾರ ಒಂದು ಮನೆಯವರೆಲ್ಲಾ ಒಟ್ಟಿಗೆ ಸಿಗುತ್ತಾರೆ, ವಯಸ್ಸಿನ ಸಮೇತ. ನಮಗೆ ಸಿಗದ ಗಣತಿ ಹಾಳೆಗೆ ಅದೇ ಹತ್ತಿರದ ನೆಂಟ.

ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಕಥೆ ಉಲ್ಟಾ. ಅಲ್ಲಿ ವೃಕ್ಷದ ತುದಿಯಲ್ಲಿರುವುದು ಮೂಲಸ್ತ್ರೀ. ಒಬ್ಬೊಬ್ಬ ಹೆಣ್ಣುಮಗಳ ಸಂತತಿ ಒಂದೊಂದು ಕವರು. 1949ರ ಅಳಿಯಸಂತಾನ ಕಾಯ್ದೆಯ ಆಮೇಲಿನ ಪಾಲಿನ ಕಾಗದಗಳಲ್ಲಿ ಈ ಕವರುಗಳ ಪಟ್ಟಿ ನೋಡಿದರೆ ನಮ್ಮ ಬಯಲುಸೀಮೆಯವರಿಗೆ ಹೊಟ್ಟೆಕಿಚ್ಚಾಗುತ್ತದೆ. ಧಾರವಾಡ, ಬೆಳಗಾವಿ ಕಡೆ ಇನಾಂ ಜಮೀನು, ಅಂದರೆ ಆಳುವವರು ಉಡುಗೊರೆಯಾಗಿ ಬಿಟ್ಟುಕೊಟ್ಟ ಜಮೀನು ಇದ್ದ ಮನೆಯವರು ಅದೃಷ್ಟವಂತರು. 1852ರ ಇನಾಂ ಕಮಿಷನ್ ಮುಂದೆ ಹಕ್ಕು ತೋರಿಸಲು ಅವರ ಹಿರಿಯರು ವಂಶಾವಳಿ ಕೊಡಬೇಕಾಗಿತ್ತು. ಆದರೆ ಅಲ್ಲಿನ ಹಳೇ ಕಾಗದ ಓದಲು ಮರಾಠಿಯ ಹಳೇ ಕೂಡುಬರಹವಾದ ಮೋಡಿ ಲಿಪಿ ಬಲ್ಲವರು ಬೇಕು. ಕಲಬುರಗಿ, ರಾಯಚೂರಿನ ನಿಜಾಮರ ಕಾಲದ ದಫ್ತರಕ್ಕೆ ಉರ್ದು ಬಲ್ಲವರು ಬೇಕು.

ಆ ಹುಡುಗನ ವಿಷಯ ಅರ್ಧಕ್ಕೇ ಬಿಟ್ಟೆ. "ನಮ್ಮ ತಾತ ದೊಡ್ಡ ಜಮೀನ್ದಾರರು ಮೇಡಂ" ಅಂದಿದ್ದ. ಕೈಬರಹದ ಪಹಣಿ ತೆಗೆಸಿದೆ. ಒಂಬತ್ತನೇ ಕಾಲಂನಲ್ಲಿ ಬೇರೆ ಯಾರದೋ ಹೆಸರು. ಇವನ ತಾತ ಇದ್ದದ್ದು ಹನ್ನೆರಡನೇ ಕಾಲಂನಲ್ಲಿ, ಸಾಗುವಳಿದಾರನಾಗಿ. ಅಂದರೆ ಗೇಣಿ ಒಕ್ಕಲು. ಫೋನಿನಲ್ಲಿ ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆದರೆ ಗೇಣಿದಾರರ ಮನೆಗೆ ಒಂದು ಅನುಕೂಲವಿದೆ. 1974ರ ಭೂಸುಧಾರಣೆ ಬಂದಾಗ ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಭೂನ್ಯಾಯ ಮಂಡಳಿ ಅವರ ಹೇಳಿಕೆ ಬರೆದುಕೊಳ್ಳುತ್ತಿತ್ತು. ಎಷ್ಟು ಕಾಲದಿಂದ ಉಳುತ್ತಿದ್ದೀರಿ, ನಿಮಗಿಂತ ಮುಂಚೆ ಯಾರು ಉಳುತ್ತಿದ್ದರು, ಅಂತೆಲ್ಲಾ ಕೇಳುತ್ತಿದ್ದರು. ಜಮೀನಿಲ್ಲದವರ ಬಾಯಿಂದ ಅವರ ಮನೆಯ ಚರಿತ್ರೆಯನ್ನು ಸರ್ಕಾರ ಹೀಗೆ ಕೂತು ಬರೆದುಕೊಂಡದ್ದು ನಮ್ಮ ಕಡೆ ಅದೇ ಮೊದಲು ಅಂತ ನನಗೆ ಅನ್ನಿಸುತ್ತದೆ. ಒಂದು ಕಚೇರಿಯಲ್ಲಿ ಫೈಲು ಇಲ್ಲವೇ ಇಲ್ಲ ಅಂತ ಮೂರು ಸಲ ವಾಪಸು ಕಳಿಸಿದರು. ನಾಲ್ಕನೇ ಸಲ ಅದೇ ಕಪಾಟಿನಲ್ಲಿ ಸಿಕ್ಕಿತು. ತಾತ ಅಷ್ಟರಲ್ಲಿ ತೀರಿಕೊಂಡಿದ್ದರು. ಹೇಳಿಕೆ ಕೊಟ್ಟವರು ಅಜ್ಜಿ. "ನನ್ನ ಗಂಡ ಉಳುತ್ತಿದ್ದ, ಅವನಿಗಿಂತ ಮುಂಚೆ ನನ್ನ ಮಾವ ಉಳುತ್ತಿದ್ದ, ಮಾವನ ಅಪ್ಪನೂ ಅದೇ ಹೊಲ ಉಳುತ್ತಿದ್ದನಂತೆ", ಮೂರೂ ಹೆಸರು, ಕೆಳಗೆ ಹೆಬ್ಬೆಟ್ಟು. ಹುಡುಗನಿಗೆ ಫೋಟೋ ಕಳಿಸಿದೆ. ಜಮೀನ್ದಾರರ ಮಾತು ಅವನು ಮತ್ತೆ ಎತ್ತಲಿಲ್ಲ.

ಇನ್ನೂ ಹಿಂದಕ್ಕೆ ಹೋಗಬೇಕು ಅಂದ. ಕಾಗದ ಇಲ್ಲಿಗೆ ಮುಗೀತು, ಇನ್ನು ಹೆಳವರನ್ನೇ ಕೇಳಬೇಕು ಅಂದೆ. ಸುಗ್ಗಿ ಮುಗಿದ ಮೇಲೆ ಎತ್ತು, ಗಂಟೆ ಜೊತೆ ಊರಿಗೆ ಬಂದು ಒಕ್ಕಲು ಮನೆಗಳ ವಂಶ ಹೇಳಿ ದವಸ ಪಡೆಯುವ ಜನ ಅವರು. ಇಂಥ ಊರು ಇಂಥ ಹೆಳವರಿಗೆ ಅಂತ ಹಂಚಿಕೆ ಇರುತ್ತದೆ. ಹೋದ ಸಲದ ಆಮೇಲೆ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಈಚೆಗೆ ಕೆಲವರು ಬೈಕಿನಲ್ಲೂ ಬರುತ್ತಾರೆ. ಹುಡುಗ ಫೆಬ್ರವರಿಯಲ್ಲಿ ರಜೆ ಹಾಕಿ ಬಂದ. ಕುತೂಹಲಕ್ಕೆ ನಾನೂ ಹೋಗಿದ್ದೆ. ಜಗಲಿಯಲ್ಲಿ ಕೂತ ಹೆಳವಯ್ಯ ಉಸಿರು ಬಿಡದೆ ಏಳು ತಲೆ ಹೇಳಿದರು. ಅಜ್ಜಿ ಹೇಳಿದ್ದ ಮೂರು ಹೆಸರೂ ಅದರಲ್ಲಿದ್ದವು. ಜೊತೆಗೆ ಮುತ್ತಾತನಿಗೆ ಒಬ್ಬ ತಮ್ಮನಿದ್ದ, ಚಿತ್ರದುರ್ಗದ ಕಡೆಗೆ ಹೋಗಿ ನೆಲೆಸಿದ, ಅವನ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ ಅಂತಲೂ ಹೇಳಿದರು. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಹುಡುಗ ಖುಷಿಯಿಂದ ಎಲ್ಲಾ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ.

ಅವನ ಅಪ್ಪ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು ಕೇಳಿದರು: "ಮೇಡಂ, ಅವರಿಗೂ ಭಾಗ ಬರುತ್ತಾ?"